ಕಾರಿನ ಕೆಳಗಿನ ಬೋಗುಣಿ

ಬಾಗಿಲ ಪಕ್ಕದ ಅಂಗೈಯಗಲದ ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಹಸಿರು ಕಾರು ಕುಣಿಯುತ್ತಿತ್ತು, ಈ ಕನ್ನಡಿಗೆ ಸುರಿದ ದುಡ್ಡಿಗೆ ಹೊಸ ಹೊಲಿಗೆ ಮೆಷಿನ್ನು ಬರುತ್ತಿತ್ತು, ಮೋಟಾರು ಸಮೇತ, ಸೀಟಿನ ಚರ್ಮಕ್ಕೆ ಹೋದದ್ದರಲ್ಲಿ ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ, ಗಿರಾಕಿಗಳಿಗೆ ಆಳೆತ್ತರದ ಕನ್ನಡಿ, ಇನ್ನು ಆ ಹೊಳೆಯುವ ವೀಲ್ ಕಪ್ಪುಗಳಿಗೆ ಕೊಟ್ಟದ್ದು — ಬೇಡ, ಹೊಟ್ಟೆ ಉರಿಯುತ್ತದೆ, ಇವತ್ತೊಂದು ದಿನ ತಾನೆ, ಸಂಜೆಗೆ ಕಾರು ಹಲ್ಲಿನ ಡಾಕ್ಟರದು, ಷೆಡ್ಡು ತನ್ನದು. ಇವರೇ ಮಾತು ಕೊಟ್ಟಿದ್ದಾರೆ, ಅತ್ತೆಯ ಎದುರಿಗೇ, ನೋಡೇ, ಹಳೇ ಕಾರಿನ ಕ್ಲಬ್ಬಿನವರ ಜೊತೆ ಇದೊಂದು ಸುತ್ತು ಹೋಗ್ಬರೋಣ, ಊಟದ ಹೊತ್ತಿಗೆ ಡಾಕ್ಟ್ರು ಬಂದು ನೋಡ್ತಾರೆ, ಒಪ್ಪಿದ್ರೆ ಅಲ್ಲೇ ಕೀ ಕೊಟ್ಬಿಡ್ತೀನಿ, ಆಮೇಲೆ ಷೆಡ್ಡಲ್ಲಿ ಅಂಗಡಿನಾದ್ರೂ ಇಟ್ಕೋ ಅರಮನೆನಾದ್ರೂ ಕಟ್ಕೋ. ಅರಮನೆ ಯಾರಿಗೆ ಬೇಕು, ರಸ್ತೆಗೆ ಬಾಗಿಲಿರುವ ಜಾಗ ಅದು, ಸಂಜೆಯವರೆಗೂ ಬಿಸಿಲು ನೇರ ಒಳಗೆ, ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಬೇಕಾಗಿಲ್ಲ, ಅಂಥ ಕಡೆ ಈ ಕಾರು ಮಹಾರಾಯಿತಿ ಮಲಗಿರುತ್ತಾಳೆ, ಮೈತುಂಬ ಹೊದಿಕೆ ಹೊದ್ದು, ಕೆಳಗೆ ತನ್ನ ಹಿಟ್ಟು ಕಲಸುವ ಬೋಗುಣಿ ಇಟ್ಟುಕೊಂಡು — ಅಮ್ಮ ಕೊಟ್ಟ ಬೋಗುಣಿ! ಎಂಜಿನ್ನಿನ ಹೊಟ್ಟೆಯಿಂದ ಒಂದು ಕರೀ ಹನಿ ಇಳಿಯುತ್ತದೆ, ಜೋತುಬೀಳುತ್ತದೆ, ಉಬ್ಬುತ್ತದೆ, ಬೀಳುವುದಿಲ್ಲ, ಈಗಲೂ ಬೀಳುವುದಿಲ್ಲ, ಆಮೇಲೆ ಟಪ್. ಗೋಡೆಯ ಈಚೆ ಮಲಗುವ ಕೋಣೆಯಲ್ಲಿ ಅವಳ ಮೆಷಿನ್ನು, ಮಂಚಕ್ಕೂ ಬೀರುವಿಗೂ ನಡುವೆ ಅಡ್ಡಡ್ಡ ನಿಂತು ಅಳತೆ ಕೊಡುವ ಗಿರಾಕಿಗಳು, ಹಾಸಿಗೆಯಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ, ಸೊಂಟ ಸ್ವಲ್ಪ ಸಡಿಲ ಇಡಮ್ಮ, ಹೋದ ಸಲಕ್ಕಿಂತ ತುಂಬ್ಕೊಂಡಿದ್ದಾಳೆ — ಆ ಗಿರಾಕಿ ಹೊಲಿದದ್ದನ್ನು ಒಯ್ಯಲು ಕೂಡ ತಾನು ಬರಲಿಲ್ಲ, ತಂಗಿಯನ್ನು ಕಳಿಸಿದಳು.

ಮತ್ತೆ ನಿಂತರು. ಮುಂದೆ ಅಧ್ಯಕ್ಷರ ಕಾರಿನ ಮೂತಿಯಿಂದ ಹಬೆ, ಒಂದು ನಿಂತರೆ ಎಲ್ಲವೂ ನಿಲ್ಲಬೇಕು, ಅದು ಕ್ಲಬ್ಬಿನ ನಿಯಮ, ನಿಂತ ಮೇಲೆ ಎಲ್ಲರೂ ತಂತಮ್ಮ ಬಾನೆಟ್ಟು ಎತ್ತಿ ಇಣುಕಬೇಕು, ಅದು ಯಾರೂ ಬರೆದಿಡದ ನಿಯಮ, ಅವಳಿಗೆ ಬಾಯಾರಿದೆ ಅಷ್ಟೇ ಸಾರ್, ಅಂತ ಇವರು ನೀರಿನ ಕ್ಯಾನು ಹಿಡಿದು ಓಡುತ್ತಾರೆ, ಅವಳಿಗಂತೆ ಬಾಯಾರಿಕೆ, ಇಲ್ಲಿ ಕೂತವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದೆ, ಆ ಕ್ಯಾನು ಇವಳ ಕಡೆ ಒಮ್ಮೆಯಾದರೂ ತಿರುಗಿತೇ. ಎರಡೂ ಬದಿ ಹೊಲ, ಗಾಳಿ, ದೂರದಲ್ಲೊಂದು ಕೆರೆ, ಎಷ್ಟು ಚೆನ್ನಾಗಿದೆ, ಇಷ್ಟು ಗಂಡಸರಲ್ಲಿ ಒಬ್ಬನಾದರೂ ತಲೆಯೆತ್ತಿ ನೋಡಿದ್ದರೆ ಕೇಳಿ. ಒಂದು ಸೈಕಲ್ಲಿನವನು ಎಲ್ಲರನ್ನೂ ದಾಟಿ ಹೋದ, ಗಂಟೆ ಬೇರೆ ಹೊಡೆದ.

ಕೆರೆಯ ಪಕ್ಕ, ಮರಗಳ ಕೆಳಗೆ, ಸಾಲಾಗಿ ನಿಲ್ಲಿಸಿದ್ದಾಯಿತು, ಬುತ್ತಿ ಬಿಚ್ಚಬೇಕು ಅಂತ ಬಗ್ಗಿದಾಗ ಕಂಡದ್ದೇ ಅದು, ಕರೀ ಹನಿ, ಜೋತು, ಉಬ್ಬಿ. ಅಯ್ಯೋ, ಡಾಕ್ಟರ ಕ್ಲಿನಿಕ್ಕು ನೆನಪಾಯಿತು, ನೆಲದಲ್ಲಿ ಮುಖ ಕಾಣುತ್ತದೆ, ಚಪ್ಪಲಿ ಹೊರಗೆ ಬಿಟ್ಟರೂ ಕಾಲು ಒರೆಸಿಕೊಳ್ಳಿ ಅನ್ನುವ ಮನುಷ್ಯ, ಇದನ್ನು ನೋಡಿದರೆ ಮೂಗು ಮುಚ್ಚಿಕೊಂಡು ಹೋಗುತ್ತಾನೆ. ವಾರವೆಲ್ಲ ಇವರು ಉಜ್ಜಿದ್ದೇ ಉಜ್ಜಿದ್ದು, ರೀ, ಆ ಸೋರೋದನ್ನ ಮೊದಲು ನಿಲ್ಸಿ ಅಂದರೆ, ಅದು ಇರ್ಲಿ ಬಿಡೇ. ಇರಲಿ ಬಿಡುವುದೇನು, ಚೀಲದಲ್ಲಿ ಕಪ್ಪು ಲೈನಿಂಗ್ ಬಟ್ಟೆಯ ತುಂಡಿತ್ತು, ಗುಂಡಿಗೆ ಬಣ್ಣ ಹೊಂದಿಸಲು ಇಟ್ಟುಕೊಂಡದ್ದು, ಇವರು ಆಚೆ ಹಬೆಯ ಕಾರಿಗೆ ಉಪಚಾರ ಮಾಡುತ್ತಿದ್ದರು, ಅವಳು ಹುಲ್ಲಿನ ಮೇಲೆ ಮಲಗಿ ಒಳಗೆ ತೂರಿದಳು, ಹನಿಯನ್ನು ಒರೆಸಿ, ಬೋಲ್ಟಿನ ಸುತ್ತ ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಬಿಗಿದು, ಗಂಟು ಒಳಕ್ಕೆ ಸಿಕ್ಕಿಸಿ — ಹೊರಗೆ ಕಾಣದ ಹಾಗೆ ಅಂಚು ಮಡಿಸುವುದು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋಡಿದಳು. ಒಣಗಿದೆ. ಕತ್ತರಿಸುವ ಮೇಜು ಕಿಟಕಿಯ ಕಡೆಗೆ, ಮೆಷಿನ್ನು ಬಾಗಿಲ ಕಡೆಗೆ, ಬೋರ್ಡು ಆಮೇಲೆ ಬರೆಸಿದರಾಯಿತು.

ಡಾಕ್ಟರು ಬಂದರು, ಕಾರನ್ನು ಸುತ್ತಿದರು, ಬಾಯಿ ತೆರೆಸಿ ನೋಡುವ ಆ ಪುಟ್ಟ ದುಂಡು ಕನ್ನಡಿ ಜೇಬಿನಿಂದ ತೆಗೆದು ಬಾನೆಟ್ಟಿನ ಒಳಗೆಲ್ಲ ಇಣುಕಿದರು, ಇನ್ನೇನು ನೋವಾದರೆ ಕೈ ಎತ್ತಿ ಅನ್ನುತ್ತಾರೆ ಅನಿಸಿತು ಅವಳಿಗೆ, ಆಮೇಲೆ ಮಂಡಿಯೂರಿ ಕೆಳಗೆ ನೋಡಿದರು, ಬಹಳ ಹೊತ್ತು. ಯಾಕೆ ಸಾರ್, ಇವರು ಕೇಳಿದರು. ಹನಿ ಇಲ್ವಲ್ಲ, ಅಂದರು ಡಾಕ್ಟರು. ಇವರ ಮುಖ ಬಿಳಿಚಿತು, ಇಲ್ವಾ, ಇರ್ಬೇಕಲ್ಲ. ಅವಳೇ ಬಾಯಿ ಹಾಕಿದಳು, ಏನು ಉತ್ಸಾಹವೋ, ಒಂದು ಹನಿನೂ ಇಲ್ಲ ಡಾಕ್ಟ್ರೇ, ನಿಮ್ಮ ನೆಲ ಗಲೀಜಾಗಲ್ಲ. ಅವರು ಎದ್ದು ಮಂಡಿ ಕೊಡವಿಕೊಂಡರು, ಅಮ್ಮಾ, ಈ ಎಂಜಿನ್ನು ಹುಟ್ಟಿದಾಗಿಂದ ಸೋರತ್ತೆ, ಸೋರ್ತಾ ಇಲ್ಲ ಅಂದ್ರೆ ಒಳಗೆ ಆಯಿಲ್ ಇಲ್ಲ, ಇಲ್ಲಾಂದ್ರೆ ಬೇರೆ ಎಂಜಿನ್ ಕೂರ್ಸಿದ್ದೀರಿ. ಸುತ್ತ ನಿಂತವರೆಲ್ಲ ಹೂಂಗುಟ್ಟಿದರು, ಹೌದೌದು, ಸೋರಲೇಬೇಕು. ಸೋರಲೇಬೇಕಂತೆ! ಯಾವ ಲೋಕದವರು ಇವರೆಲ್ಲ, ತೂತು ಬಿಂದಿಗೆಯನ್ನು ಯಾರಾದರೂ ತೂತಿಗೋಸ್ಕರ ಕೊಳ್ಳುತ್ತಾರೆಯೇ, ನಾನೇ ಬಟ್ಟೆ ಕಟ್ಟಿದ್ದೀನಿ ಡಾಕ್ಟ್ರೇ, ತೆಗೀತೀನಿ ಇರಿ, ಈಗ್ಲೇ ಸೋರತ್ತೆ — ಅಂದದ್ದೇ ತಪ್ಪಾಯಿತು. ಕಟ್ಟಿದ್ದೀರಾ? ಇನ್ನೂ ಏನೇನು ಕಟ್ಟಿ ಮುಚ್ಚಿದ್ದೀರಮ್ಮ? ಕೀ ಹಿಡಿದು ಚಾಚಿದ್ದ ಇವರ ಕೈ ಹಾಗೇ ಇತ್ತು, ಡಾಕ್ಟರು ನೋಡಲಿಲ್ಲ, ಹಸಿರು ಕಾರಿನ ಕಡೆ ನಡೆದರು, ಅದೂ ಮಾರುವುದಕ್ಕಿತ್ತು, ಅದರ ಕೆಳಗೆ ಹುಲ್ಲೆಲ್ಲ ಕಪ್ಪಾಗಿತ್ತು, ಆಹಾ ಅಂದರು, ಹೆತ್ತ ಮಗುವನ್ನು ನೋಡಿದ ಹಾಗೆ.

ವಾಪಸು ಬರುವಾಗ ಇವರು ಸಿಳ್ಳೆ ಹಾಕುತ್ತಿದ್ದಾರೆ. ಬೈಯಲಿಲ್ಲ, ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ವಾಸಿ, ಅದರ ಬದಲು ಮೆಚ್ಚುಗೆ, ಎಂಥಾ ಗಂಟು ಹಾಕಿದ್ಯೇ ಮಾರಾಯ್ತಿ, ದಾರಿಯುದ್ದಕ್ಕೂ ಒಂದು ಹನಿ ಬಿದ್ದಿಲ್ಲ! ಸೋರಿದ್ರೇನೇ ಬೆಲೆ ಅಂತ ನಂಗೆ ಯಾಕ್ರೀ ಹೇಳ್ಲಿಲ್ಲ? ನೀನು ಕೇಳ್ಲಿಲ್ವಲ್ಲೇ. ಕೇಳಲಿಲ್ಲವಂತೆ, ನಿಲ್ಸಿ ಅಂದವಳಿಗೆ ಇರ್ಲಿ ಬಿಡು ಅಂದರೆ ಇನ್ನೇನು ಕೇಳುವುದು, ಇನ್ನೊಬ್ಬ ಗಿರಾಕಿ ಸಿಕ್ತಾನೆ ಬಿಡೇ, ಯಾವಾಗ, ಈ ಕಾರು ಕೊಳ್ಳುವಷ್ಟು ಹುಚ್ಚು ಊರಲ್ಲಿ ಇನ್ನೊಬ್ಬರಿಗಿದ್ದರೆ ಇಷ್ಟು ಹೊತ್ತಿಗೆ ಕ್ಲಬ್ಬು ಸೇರಿರುತ್ತಿದ್ದರು, ಡಾಕ್ಟರೊಬ್ಬರು ಉಳಿದಿದ್ದರು, ಅವರಿಗೂ ಹಸಿರು ಕಾರು ಸಿಕ್ಕಿತು. ಷೆಡ್ಡಿನ ಬಾಗಿಲು ತೆರೆದಾಗ ಸಂಜೆಯ ಬೆಳಕು ಉದ್ದಕ್ಕೆ ಬಿತ್ತು, ಮೇಜು ಬರಬೇಕಿದ್ದ ಜಾಗದವರೆಗೆ, ಕಾರು ಅದರ ಮೇಲೆ ಬಂದು ಕೂತಿತು. ಒಳಗಿನಿಂದ ಅತ್ತೆ, ಮಾರಿದ್ದಾಯ್ತಾ? ಅವಳು ಬಗ್ಗಿ, ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿದಳು, ಬೋಗುಣಿಯನ್ನು ತಾನೇ ಎಳೆದು ಇಟ್ಟಳು. ಷೆಡ್ಡು ಹೋಯಿತು. ಕರೀ ಹನಿ ಇಳಿಯಿತು, ಜೋತುಬಿತ್ತು, ಉಬ್ಬಿತು, ಬೀಳಲಿಲ್ಲ, ಈಗಲೂ ಬೀಳಲಿಲ್ಲ,