ಮೂರೂ ಮುಕ್ಕಾಲಿನ ರಾಕೆಟ್ಟು

ಶಂಕ್ರಪ್ಪ ಮಂದಿಯನ್ನು ಸರಿಸಿಕೊಂಡು ಒಳಗೆ ನುಗ್ಗಿದವನೇ, ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮ ದೇವಪ್ಪನ ಹೆಣದ ಮುಂದೆ ನಿಂತ. "ಮಾರಿ ನೋಡಿದೆ. ಆತಲ್ಲ? ಮಣ್ಣಿಗಿ ನಾ ಬರಂಗಿಲ್ಲ."

ಭಜನೆ ನಿಂತಿತು.

"ಭಾವಾರ, ಸತ್ತವರ ಮುಂದ ಸಿಟ್ಟು ಬ್ಯಾಡ್ರಿ," ದೇವಪ್ಪನ ಹೆಂಡತಿ ಕಸ್ತೂರಿ ಕೈಮುಗಿದಳು.

"ನಮ್ಮವ್ವ ಸತ್ತಾಗ ಇವಗ ಯಾವ ದೊಡ್ಡ ಕೆಲಸಿತ್ತವಾ? ಮಾಳಗಿ ಮ್ಯಾಲೆ ನಿಂತು ರಾಕೆಟ್ ನೋಡಾಕತ್ತಿದ್ದ! ತಾನ ಹೇಳ್ಯಾನ, ಮಂದ್ಯಾಗ."

ಇಳಕಲ್ಲಿನಲ್ಲಿ ಇದು ಯಾರಿಗೂ ಹೊಸದಲ್ಲ. ಗ್ರಾನೈಟ್ ಹಾಸುವ ಕೆಲಸಕ್ಕೆಂದು ಹೋದ ದೇವಪ್ಪ, ಹೆಂಡತಿ ಮಗಳ ಜೊತೆ ಆರು ವರ್ಷ ರಾಕೆಟ್ ಹಾರಿಸುವ ಕೇಂದ್ರದ ಪಕ್ಕದ ಸೂಳೂರುಪೇಟೆಯಲ್ಲಿದ್ದು ಬಂದವನು. ಚಹಾದಂಗಡಿಯಲ್ಲಿ ಕೂತರೆ ಮಾತೆಲ್ಲ ರಾಕೆಟ್ಟಿನದೇ: ಮೊದಲು ಬೆಳಕು, ಆಮೇಲೆ ಸದ್ದು, ಸದ್ದಿಗೆ ಅಡುಗೆಮನೆಯ ತಾಟುಗಳೆಲ್ಲ ಗಡಗಡ. ಊರು ಅವನನ್ನು ರಾಕೆಟ್ ದೇವಪ್ಪ ಎಂದು ಕರೆದು ನಕ್ಕಿತು. ಬೆನ್ನ ಹಿಂದೆ, ಹೆತ್ತವ್ವನ ಮಣ್ಣಿಗೆ ಬಾರದವನು ಅಂತಲೂ ಅಂದಿತು. ಊರ ಬಾಯಿಗೆ ಎರಡೂ ಒಂದೇ ರುಚಿ.

ಮೂಲೆಯಲ್ಲಿದ್ದ ಮಗಳು ಸವಿತಾ ಅವ್ವನ ಕಡೆ ನೋಡಿದಳು. ಅಪ್ಪ ಹೇಳಿದ್ದು ಸುಳ್ಳೆಂದು ಬಲ್ಲವರು ಇನ್ನು ಇಬ್ಬರೇ, ಅವಳು ಮತ್ತು ಅವಳವ್ವ.

*

ಸೂಳೂರುಪೇಟೆಯಲ್ಲಿ ಆಗ ಅವಳಿಗೆ ಒಂಬತ್ತು ವರ್ಷ. ಮಧ್ಯಾಹ್ನ ಎರಡಕ್ಕೆ ಫೋನು ಬಂದಾಗ ಅಪ್ಪ ಸ್ನಾನಕ್ಕೆ ಹೋಗಿದ್ದ. ಆ ಕಡೆ ದೊಡ್ಡಪ್ಪ ಅಳುತ್ತಿದ್ದ. "ನಮ್ಮವ್ವ, ನಿನ್ನ ಆಯಿ, ಹೋದಳು. ನಿಮ್ಮಪ್ಪಗ ಹೇಳವಾ, ಮೂರರ ಗಾಡಿ ಹಿಡೀಲಿ."

ಮೂರೂ ಮುಕ್ಕಾಲಿಗೆ ರಾಕೆಟ್ಟು. ಎರಡು ಸಲ ಮುಂದೂಡಿದ್ದ ರಾಕೆಟ್ಟು ಅದು.

"ಹೇಳ್ತೇನಿ," ಅಂದಳು. ಹೇಳಲಿಲ್ಲ. ಮಾಳಿಗೆಯ ಮೇಲೆ ಅಪ್ಪನ ಹೆಗಲೇರಿ ಚಪ್ಪಾಳೆ ತಟ್ಟಿದಳು. ಆಕಾಶದಲ್ಲಿ ಹೊಗೆ ಚದುರಿದ ಮೇಲೆ, ಮೆಟ್ಟಿಲು ಇಳಿಯುವಾಗ ಹೇಳಿದಳು.

ದೇವಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನ ಇಳಕಲ್ ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮುಗಿದಿತ್ತು. ಅಂಗಳದಲ್ಲೇ ಅಣ್ಣ ಕೊರಳಪಟ್ಟಿ ಹಿಡಿದ. ದೇವಪ್ಪ ಮಗಳನ್ನೊಮ್ಮೆ ನೋಡಿ, "ಕೂಸು ಆವಾಗಲೇ ಹೇಳಿತ್ತು. ನಾನ ರಾಕೆಟ್ ನೋಡಿ ಹೋದ್ರಾತಂತ ನಿಂತೆ," ಅಂದ.

*

"ದೊಡ್ಡಪ್ಪ, ನಾ ಹೇಳಿದ್ದಿಲ್ಲ." ಸವಿತಾ ಎದ್ದು ನಿಂತಿದ್ದಳು. "ರಾಕೆಟ್ ಹಾರಿದ ಮ್ಯಾಲೆ ಹೇಳಿದೆ. ಅಪ್ಪಗ ಗೊತ್ತಿರಲಿಲ್ಲ."

"ಸತ್ತವನ್ನ ಚಲೋ ಮಾಡಾಕ ಸುಳ್ಳ ಹೇಳ್ತಿ?"

"ಖರೇನ ಐತ್ರಿ," ಅಂದಳು ಕಸ್ತೂರಿ. "ಕೂಸಿನ ಹೆಸರ ಎತ್ತಬ್ಯಾಡಂತ ಇವರು ನನ್ನ ಕಡಿಂದ ಆಣಿ ಮಾಡಿಸಿದ್ರು."

ಸವಿತಾಳನ್ನು ಹೊಡೆಯಲೆಂದು ಶಂಕ್ರಪ್ಪ ಎತ್ತಿದ ಕೈ ಹಾಗೇ ನಿಂತಿತು. "ಹದಿನೈದು ವರ್ಷ! ಓಣ್ಯಾಗ ಎದುರಿಗಿ ಬಂದ್ರ ಉಗುಳೇನಿ ಇವಗ. ಹಾಳಾಗಿ ಹೋಗ್ರಿ ಎಲ್ಲಾರೂ!" ಚಪ್ಪಲಿಯನ್ನೂ ಹುಡುಕದೆ ಹೊರಟುಹೋದ.

ಹೆಣ ಹೊತ್ತವರು ಮಣ್ಣು ಮಾಡುವ ಹೊಲ ಮುಟ್ಟಿದಾಗ ಶಂಕ್ರಪ್ಪ ಆಗಲೇ ಅಲ್ಲಿ ನಿಂತಿದ್ದ. ಕುಣಿಯೊಳಗೆ ಕೂರಿಸುವಾಗ ದೇವಪ್ಪನ ತಲೆ ಪಕ್ಕಕ್ಕೆ ವಾಲಿತು. ಶಂಕ್ರಪ್ಪ ಧುಮುಕಿ, ಒಳಗಿದ್ದ ಇಬ್ಬರನ್ನೂ ಮೇಲಕ್ಕೆ ಅಟ್ಟಿ, ತಮ್ಮನ ಮಗ್ಗುಲಲ್ಲಿ ಕೂತು, ಆ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ. ಅಯ್ಯನವರ ಮಂತ್ರ ಮುಗಿಯಿತು. ಮೇಲೆ ಎಲ್ಲರೂ ಮಣ್ಣು ಹಿಡಿದು ಕಾದರು.

"ಶಂಕ್ರಪ್ಪಣ್ಣ, ಮ್ಯಾಲೆ ಬಾರೋ."

ಅವನು ತಲೆಯೆತ್ತಲಿಲ್ಲ. "ನೀವು ಹಾಕ್ರಿ," ಅಂದ.