ಸೇತುವೆಯಾಚೆ ನಡೆಯದ ಪರವಾನಗಿ

ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಫಿ ಲೋಟಗಳು. ಒಂದರಲ್ಲಿ ತಣಿದ ಹಾಲಿನ ತೆಳುಕೆನೆ ಸುಕ್ಕುಗಟ್ಟಿ ನಿಂತಿದೆ; ಇನ್ನೊಂದರ ಅಂಚಿನಲ್ಲಿ ತುಟಿಬಣ್ಣದ ಮಸುಕು ಗುರುತು. ನಡುವೆ, ಯಾರೂ ಮುಟ್ಟದ ಹುರಿದ ಮಾಂಸದ ಬಿಲ್ಲೆಗಳು. ಕಿಟಕಿಯಾಚೆ ಡೆಲವೇರ್ ನದಿಯ ಮಂಜು, ಮಂಜಿನಲ್ಲಿ ಅರ್ಧ ಅಳಿಸಿಹೋದ ಕಬ್ಬಿಣದ ಸೇತುವೆ. ಈ ದಡ ಪೆನ್ಸಿಲ್ವೇನಿಯಾ ರಾಜ್ಯ. ಆ ದಡ ನ್ಯೂಜೆರ್ಸಿ, ಬೇರೆ ರಾಜ್ಯ, ಬೇರೆ ಕಾನೂನು.

ಹಾರ್ಲನ್ ವೀಡ್‌ಮನ್ ಮಗಳ ಮುಖವನ್ನು ನೋಡದೆ ಸೇತುವೆಯನ್ನೇ ನೋಡುತ್ತಿದ್ದ. ಪರವಾನಗಿ ಪಡೆದು ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಒಯ್ಯಬಯಸುವವರಿಗೆ ಪ್ರತಿ ಶನಿವಾರ ಪಾಠ ಹೇಳುವವನು ಅವನು. ಮಗಳು ಕೊರಿನ್‌ಗೂ ಅವನೇ ಕಲಿಸಿದ್ದ, ಅವನೇ ಪಿಸ್ತೂಲು ಕೊಡಿಸಿದ್ದ. ಪರವಾನಗಿ ಬಂದ ದಿನ, "ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ, ಎಲ್ಲಿ ಹೋದರೂ ನಡೆಯುತ್ತೆ" ಎಂದಿದ್ದ.

ಕಳೆದ ವಸಂತದಲ್ಲಿ ಅವಳು ಗೆಳತಿಯ ಮನೆಗೆಂದು ಸೇತುವೆ ದಾಟಿದ್ದಳು. ಕಾರಿನ ಹಿಂದಿನ ದೀಪ ಕೆಟ್ಟಿದೆಯೆಂದು ಪೊಲೀಸನೊಬ್ಬ ತಡೆದ. ತಂದೆ ಕಲಿಸಿದಂತೆಯೇ ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ಅವನು ಕೇಳುವ ಮೊದಲೇ, ಬ್ಯಾಗಿನಲ್ಲಿ ಪಿಸ್ತೂಲಿದೆ, ಪರವಾನಗಿಯೂ ಇದೆ ಎಂದಳು. ಪೆನ್ಸಿಲ್ವೇನಿಯಾ ಕೊಟ್ಟ ಆ ಪರವಾನಗಿಗೆ ಆ ದಡದ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಕೈಗೆ ಕೋಳ ಬಿತ್ತು. ಅವಳು ಕಲಿಸುತ್ತಿದ್ದ ಶಾಲೆ ಅವಳನ್ನು ಕೆಲಸದಿಂದ ತೆಗೆಯಿತು. ಜೈಲೋ ಅಲ್ಲವೋ ಎಂಬುದು ಇಂದು ಆ ದಡದ ಕೋರ್ಟಿನಲ್ಲಿ ತೀರ್ಮಾನವಾಗಬೇಕಿತ್ತು.

"ಜಡ್ಜ್ ಮುಂದೆ ಒಂದೇ ಮಾತು ಹೇಳಪ್ಪ. ಪರವಾನಗಿ ಆಚೆ ದಡದಲ್ಲೂ ನಡೆಯುತ್ತೆ ಅಂತ ನೀನೇ ಹೇಳಿದ್ದು ಅಂತ."

"ಆ ಕಾನೂನಿಗೇ ತಲೆಕೆಟ್ಟಿದೆ ಕಣೇ! ನದಿ ದಾಟಿದ ತಕ್ಷಣ ಮರ್ಯಾದಸ್ಥ ಹೆಣ್ಣುಮಗಳು ಅಪರಾಧಿಯಾಗ್ತಾಳಾ?"

"ಆಗ್ತಾಳೆ. ನನ್ನೇ ನೋಡು." ಕೊರಿನ್ ನಕ್ಕಳು, ಆ ನಗೆಯಲ್ಲಿ ನಗುವಿರಲಿಲ್ಲ. "ಆ ದಡದವರಿಗೂ ಅವರ ಮಕ್ಕಳಿಗೆ ಏನಾಗುತ್ತೋ ಅನ್ನೋ ಭಯ ಇರುತ್ತಪ್ಪ. ಅವರ ಊರು, ಅವರ ಕಾನೂನು. ನಮ್ಮ ಪರವಾನಗಿ ಅಲ್ಲೂ ನಡೆಯಬೇಕು ಅನ್ನೋದು ನಿನ್ನ ಆಸೆ. ಅದನ್ನೇ ಪಾಠದಲ್ಲಿ ನಡೆಯುತ್ತೆ ಅಂದ್ಬಿಟ್ಟೆ."

"ನೀನು ಬಾಯಿ ಮುಚ್ಚಿಕೊಂಡಿದ್ದಿದ್ರೆ ಅವನಿಗೆ ಗೊತ್ತೇ ಆಗ್ತಿರಲಿಲ್ಲ."

"ಪೊಲೀಸರು ಕೇಳೋ ಮೊದಲೇ ನೀವೇ ಹೇಳಿ ಅಂತ ಕಲಿಸಿದ್ಯಾರು? ನಿನ್ನ ಕ್ಲಾಸಿಗೇ ಜಾಣೆ ನಾನು!"

ಹಾರ್ಲನ್ ಲೋಟವನ್ನು ಸುಮ್ಮನೆ ತಿರುಗಿಸಿದ. "ಗೊತ್ತಿಲ್ಲದೆ ಪಾಠ ಹೇಳ್ತಿದ್ದೆ ಅಂತ ಕೋರ್ಟಲ್ಲಿ ಒಪ್ಪಿಕೊಂಡು ಬಂದ್ಮೇಲೆ, ಶನಿವಾರ ಯಾವ ಮುಖ ಹೊತ್ತುಕೊಂಡು ಕ್ಲಾಸಿನವರ ಮುಂದೆ ನಿಲ್ಲಲಿ? ಊರೆಲ್ಲ ಆಡಿಕೊಳ್ಳುತ್ತೆ."

"ನನ್ನ ಒಂದನೇ ಕ್ಲಾಸಿನ ಮಕ್ಕಳು ನಾನೆಲ್ಲಿ ಅಂತ ಕೇಳಿದ್ರೆ, ಟೀಚರ್‌ಗೆ ಹುಷಾರಿಲ್ಲ ಅಂತಾರಂತೆ ಶಾಲೆಯವರು. ಆ ಕೆಲಸ ನೀನು ಏನು ಹೇಳಿದ್ರೂ ವಾಪಸ್ ಬರಲ್ಲ. ಜೈಲೊಂದು ತಪ್ಪಲಿ ಅಂತ ಕೇಳ್ತಿದ್ದೀನಿ, ಅಷ್ಟೇ."

ಹಾರ್ಲನ್ ಎದ್ದು, ಕೋರ್ಟಿಗೆ ಹೊರಡಲು ಗೂಟದಲ್ಲಿದ್ದ ಕೋಟನ್ನು ತೆಗೆದುಕೊಂಡ.

ಮಗಳು ಅವನ ಸೊಂಟದಲ್ಲಿ ಅಂಗಿಯಡಿ ಉಬ್ಬಿದ್ದ ಪಿಸ್ತೂಲಿನತ್ತ ನೋಡಿದಳು. "ಅದನ್ನ ಇಲ್ಲೇ ಬಿಟ್ಟು ಬಾ. ಇಲ್ದಿದ್ರೆ ಅಪ್ಪ ಮಗಳು ಇಬ್ಬರನ್ನೂ ಒಟ್ಟಿಗೇ ಒಳಗೆ ಹಾಕ್ತಾರೆ." ಅಷ್ಟು ಹೇಳಿ ಕಾರಿನತ್ತ ನಡೆದಳು.

ಅಂಗಿ ಎತ್ತಿ, ಪಟ್ಟಿ ಬಿಚ್ಚಿ, ಅವನು ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ವರ್ಷಗಟ್ಟಲೆ ಅದರ ಭಾರಕ್ಕೆ ಒಗ್ಗಿದ್ದ ದೇಹ ಒಂದು ಪಕ್ಕಕ್ಕೆ ತುಸು ವಾಲಿತು. ಹಾಗೆಯೇ ವಾಲುತ್ತ ಹೊರಗೆ ಕಾಲಿಟ್ಟ. ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು.