ಹನ್ನೊಂದು ಗಂಟೆಯ ಪಾಠ

ರೆನೋ ಊರಿನ ಹಳೆಯ ಕ್ಯಾಸಿನೋ ಒಂದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಹನ್ನೊಂದಕ್ಕೆ ಇಸ್ಪೀಟಾಟದ ಪಾಠ ನಡೆಯುತ್ತಿತ್ತು. ಪುಕ್ಕಟೆ ಪಾಠ. ಕಲಿತವರು ಆಮೇಲೆ ನಿಜವಾದ ಮೇಜಿಗೆ ಬಂದು ಕುಳಿತು ದುಡ್ಡು ಕಳೆಯಲಿ ಎಂಬುದು ಅದರ ಉದ್ದೇಶ. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ರೊವೀನಾ ಹ್ಯಾಸ್ಕೆಟ್ ಆ ಪಾಠಕ್ಕೆ ಹೋಗಲು ಶುರುಮಾಡಿದ್ದು ಅಕ್ಟೋಬರಿನಲ್ಲಿ, ಗಂಡ ವರ್ನ್ ತೀರಿಕೊಂಡು ವರ್ಷ ತುಂಬಿದ ವಾರ.

ಅವಳಿಗೆ ಅರವತ್ತೆಂಟು. ಇಪ್ಪತ್ತೇಳು ವರ್ಷ ಲಾರಿ ಕಂಪನಿಯೊಂದರ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕುಳಿತು ಚಾಲಕರಿಗೆ ದಾರಿ ಹೇಳಿದವಳು. ಯಾವ ಘಟ್ಟದಲ್ಲಿ ಹಿಮ ಬಿದ್ದಿದೆ, ಯಾವ ಲಾರಿ ಎಲ್ಲಿ ಕೆಟ್ಟು ನಿಂತಿದೆ, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ದಿನವಿಡೀ ಕಿವಿಯೊಳಗೆ ದನಿಗಳು. ರೊವೀನಾ, ಎಲ್ಲಿ ತಿರುಗಲಿ. ರೊವೀನಾ, ಇಲ್ಲಿ ಸೇತುವೆ ಮುಚ್ಚಿದಾರೆ. ಕೆಲಸ ಬಿಟ್ಟ ಮೇಲೆ ವರ್ನ್‌ನ ದನಿಯೊಂದು ಉಳಿದಿತ್ತು. ಅದೂ ನಿಂತ ಮೇಲೆ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವಳೆಂದರೆ ಔಷಧದಂಗಡಿಯ ಹುಡುಗಿ ಮಾತ್ರ. ಅವಳಾದರೂ ಡಬ್ಬಿಯ ಮೇಲಿನ ಚೀಟಿ ನೋಡಿಕೊಂಡೇ ಕರೆಯುತ್ತಿದ್ದಳು.

ಪಾಠ ಹೇಳುವವನು ಗಿರ್ಮಾ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಆಡಿಸ್ ಅಬಾಬಾದಿಂದ ಬಂದು ಹತ್ತೊಂಬತ್ತು ವರ್ಷದಿಂದ ಇದೇ ಕ್ಯಾಸಿನೋದಲ್ಲಿ ಎಲೆ ಹಂಚುತ್ತಿದ್ದ. ಮೊದಲ ದಿನ ಮೇಜಿನ ಸುತ್ತ ಆರು ಜನ ಇದ್ದರು. ಅವನು ಒಬ್ಬೊಬ್ಬರ ಹೆಸರನ್ನೂ ಕೇಳಿ, ಒಮ್ಮೆ ತಾನೂ ಹೇಳಿ ನೋಡಿಕೊಂಡ. "ಮಿಸ್ ರೊವೀನಾ. ಸರಿ ಹೇಳಿದ್ನಾ?"

"ಸರಿಯಾಗೇ ಹೇಳಿದ್ರಿ," ಎಂದಳು.

"ಇದು ನೀವು ಮನೇಲಿ ಆಡೋ ಇಪ್ಪತ್ತೊಂದಲ್ಲ," ಎಂದು ಅವನು ಎಲೆಗಳನ್ನು ಹಸಿರು ಬಟ್ಟೆಯ ಮೇಲೆ ಹರಡಿದ. "ಸ್ಪ್ಯಾನಿಷ್ ಇಪ್ಪತ್ತೊಂದು. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ರ ಹೋಗ್ಬೇಕು, ದಾಟಬಾರದು, ಅದೇನೋ ಅದೇ. ಕಟ್ಟಿನಿಂದ ನಾಲ್ಕು ಹತ್ತರ ಎಲೆ ಎತ್ತಿಬಿಟ್ಟಿದೀವಿ. ರಾಜ, ರಾಣಿ, ಗುಲಾಮ ಇದಾರೆ, ಅವರದ್ದು ಹತ್ತೇ ಬೆಲೆ. ಹತ್ತರ ಎಲೆ ಕಮ್ಮಿಯಾದ್ರೆ ನಿಮಗೆ ನಷ್ಟ. ಅದಕ್ಕೆ ಬದಲಾಗಿ ಒಂದೆರಡು ಅನುಕೂಲ ಕೊಟ್ಟಿದೀವಿ. ನಿಮಗೆ ಇಪ್ಪತ್ತೊಂದು ಬಂತು ಅಂದ್ರೆ, ನನಗೂ ಇಪ್ಪತ್ತೊಂದೇ ಬಂದ್ರೂ ಗೆಲುವು ನಿಮ್ಮದು. ಹಳೇ ಆಟ ಮರೆತುಬಿಡಿ. ಅದರಲ್ಲಿ ಹನ್ನೆರಡು ಬಂದಾಗ ಕೆಲವು ಸಲ ಎಲೆ ಕೇಳದೆ ಸುಮ್ಮನೆ ನಿಂತುಬಿಡ್ತಿದ್ರಿ. ಇಲ್ಲಿ ನಿಲ್ಲೋ ಹಾಗಿಲ್ಲ. ನನ್ನ ಹತ್ರ ಯಾವ ಎಲೆ ಕಂಡ್ರೂ ಸರಿ, ಇನ್ನೊಂದು ಕೇಳಲೇಬೇಕು."

ಎಲೆ ಬೇಕಾದರೆ ಬೆರಳಿಂದ ಮೇಜು ತಟ್ಟಬೇಕು, ಬೇಡವಾದರೆ ಅಂಗೈ ಆಡಿಸಬೇಕು. ಬಾಯಲ್ಲಿ ಹೇಳಿದರೆ ಚಾವಣಿಯ ಕ್ಯಾಮೆರಾಕ್ಕೆ ಕೇಳಿಸುವುದಿಲ್ಲ. ಆಟಕ್ಕೊಂದು ಪಟ್ಟಿ ಇತ್ತು: ನಿನ್ನ ಮೊತ್ತ ಇಷ್ಟು, ಹಂಚುವವನ ಎಲೆ ಇದು, ಹಾಗಾದರೆ ಹೀಗೆ ಮಾಡು. ರೊವೀನಾ ಅದನ್ನು ಮನೆಗೆ ಒಯ್ದು ಟೀ ಕುಡಿಯುತ್ತಾ ಓದಿದಳು. ಸಾವಿರ ಮೈಲಿ ದಾರಿಯನ್ನು ತಲೆಯಲ್ಲಿಟ್ಟುಕೊಂಡವಳಿಗೆ ಅದೇನು ಮಹಾ. ಒಂಬತ್ತನೆಯ ದಿನಕ್ಕೆ ಪಟ್ಟಿ ಪೂರ್ತಿ ಬಾಯಿಪಾಠವಾಗಿತ್ತು.

ಹತ್ತನೆಯ ದಿನ, ಅವಳ ಪಕ್ಕ ಕೂರುತ್ತಿದ್ದ ನಿವೃತ್ತ ಬಡಗಿಯೊಬ್ಬ ಒಂದೂ ತಪ್ಪಿಲ್ಲದೆ ಆಡಿದ. ಗಿರ್ಮಾ ಎದ್ದು ಅವನ ಕೈ ಕುಲುಕಿ, "ನೀವು ತಯಾರಾಗಿದೀರಿ ಸರ್. ಇನ್ನು ಇಲ್ಲಿ ನಿಮಗೆ ಕೆಲಸ ಇಲ್ಲ, ಆ ಕಡೆ ಹೋಗಿ," ಎಂದು ನಿಜವಾದ ಮೇಜುಗಳ ಕಡೆ ಕೈ ತೋರಿಸಿದ. ಬಡಗಿ ಖುಷಿಯಾಗಿ ಹೋದ. ಮತ್ತೆ ಪಾಠದ ಕಡೆ ತಲೆ ಹಾಕಲಿಲ್ಲ.

ಮರುದಿನ ರೊವೀನಾಗೆ ಹನ್ನೆರಡು ಬಂತು. ಅವಳು ಅಂಗೈ ಆಡಿಸಿದಳು.

"ಹನ್ನೆರಡಕ್ಕೆ ನಿಲ್ತೀರಾ, ಮಿಸ್ ರೊವೀನಾ?"

"ಅಯ್ಯೋ, ಮರೆತೇಹೋಯ್ತು."

"ಪರವಾಗಿಲ್ಲ. ಇನ್ನೊಂದು ಸಲ ನೋಡೋಣ."

ಅಷ್ಟೇ. ಅದು ಬಹಳ ಸುಲಭವಾಗಿತ್ತು. ದಿನಕ್ಕೆ ಎರಡು ತಪ್ಪು, ಒಮ್ಮೊಮ್ಮೆ ಮೂರು. ನವೆಂಬರು ಕಳೆಯಿತು. ಕ್ರಿಸ್‌ಮಸ್ ವಾರದಲ್ಲಿ ಪಾಠ ಇರಲಿಲ್ಲ. ಆ ವಾರ ಅವಳು ಟಿನ್ನಿನ ಸೂಪು ಬಿಸಿಮಾಡಿ ಕುಡಿದು, ಮನೆಯ ಕಿಟಕಿಗಳನ್ನೆಲ್ಲ ಎರಡೆರಡು ಸಲ ಒರೆಸಿದಳು. ಜನವರಿಯಲ್ಲಿ ಹೋದಾಗ ಗಿರ್ಮಾ ಅವಳಿಗಾಗಿ ಒಂದು ಪಟ್ಟಿ ಬರೆದು ತಂದಿದ್ದ. ಕೈಬರಹದ ದಪ್ಪ ಅಂಕಿಗಳು. ಎಲೆ ಕೇಳುವ ಕಡೆ ಹಸಿರು, ನಿಲ್ಲುವ ಕಡೆ ಕೆಂಪು, ಮೇಲೆ ಪ್ಲಾಸ್ಟಿಕ್ ಹಾಳೆ. "ಬಣ್ಣ ನೋಡಿದ್ರೆ ನೆನಪಿರುತ್ತೆ," ಎಂದ. "ನನ್ನ ಹೆಂಡ್ತಿ ಬಣ್ಣ ತುಂಬಿದ್ಳು. ನನ್ನ ಗೆರೆ ಸೊಟ್ಟ."

ರೊವೀನಾ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅವತ್ತೇ ನಿಜ ಹೇಳಿಬಿಡಬೇಕೆಂದುಕೊಂಡಳು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಪ್ರವಾಸಿ ದಂಪತಿ ಬಂದು ಕುಳಿತರು.

ಫೆಬ್ರವರಿಯಲ್ಲಿ ಒಂದು ದಿನ ಅವಳೊಬ್ಬಳೇ ಇದ್ದಳು. ಗಿರ್ಮಾ ಎಲೆ ಹಂಚಲಿಲ್ಲ. ಕೈ ಕಟ್ಟಿಕೊಂಡು, ಮೆಲ್ಲಗೆ, "ಬೆಳಿಗ್ಗೆ ಏನು ತಿಂದ್ರಿ, ಮಿಸ್ ರೊವೀನಾ?" ಎಂದ.

ಇಂಥ ಪ್ರಶ್ನೆ ಅವಳನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಅವನ ಮುಖದಲ್ಲಿ ಆತಂಕ ಕಂಡಿತು. ಆ ಆತಂಕ ತನಗಾಗಿ ಎನ್ನಿಸಿ ಅವಳ ಎದೆ ಬೆಚ್ಚಗಾಯಿತು.

"ಇದು ಯಾವ ತಿಂಗಳು ಗೊತ್ತಾ?" ಎಂದ.

"ಮಾರ್ಚ್ ಇರ್ಬೇಕು," ಎಂದಳು. ಫೆಬ್ರವರಿ ಹನ್ನೊಂದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲಿಲ್ಲ.

ಗುರುವಾರ ಮಧ್ಯಾಹ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಡಾರ್ಲಾ, ವರ್ನ್‌ನ ಮೊದಲ ಹೆಂಡತಿಯ ಮಗಳು. ಎಲ್ಕೋ ಊರಿನ ಚಿನ್ನದ ಗಣಿಯಲ್ಲಿ ಮನೆಯೆತ್ತರದ ಲಾರಿ ಓಡಿಸುವವಳು. ಗಣಿಯ ಬೂಟಿನಲ್ಲೇ ಬಂದಿದ್ದಳು. ವರ್ನ್‌ನ ಅಂತ್ಯಕ್ರಿಯೆಯ ದಿನ ನೋಡಿದ್ದೇ ಕೊನೆ. ಅವಳಿಗೆ ಹತ್ತೊಂಬತ್ತಾಗಿದ್ದಾಗ ಅಪ್ಪ ಮರುಮದುವೆಯಾಗಿದ್ದ. ಆಮೇಲಿನ ಮೂವತ್ತು ವರ್ಷದಲ್ಲಿ ಅವಳೂ ರೊವೀನಾಳೂ ಜಗಳವಾಡಿಯೂ ಇರಲಿಲ್ಲ, ಹತ್ತಿರ ಬಂದೂ ಇರಲಿಲ್ಲ.

"ಕ್ಯಾಸಿನೋದಿಂದ ಯಾರೋ ಹೆಂಗಸು ಫೋನ್ ಮಾಡಿದ್ಳು," ಎಂದು ಡಾರ್ಲಾ ಟೋಪಿ ತೆಗೆದಳು. "ಪಾಠ ಹೇಳೋನು ಹೇಳಿದ್ನಂತೆ, ನಿಮಗೆ ತಿಂಗಳು ಯಾವುದು ಅಂತ ಗೊತ್ತಾಗ್ತಿಲ್ಲ ಅಂತ. ಪಾಠಕ್ಕೆ ಸೇರುವಾಗ ತುಂಬಿದ ಅರ್ಜೀಲಿ ನನ್ನ ನಂಬರ್ ಕೊಟ್ಟಿದೀರಂತೆ."

"ಬೇರೆ ಯಾರದ್ದೂ ಇರಲಿಲ್ಲ," ಎಂದಳು ರೊವೀನಾ.

"ಹೋಗ್ಲಿ ಬಿಡಿ. ನಾಳೆ ಡಾಕ್ಟರ್ ಹತ್ರ ಹೋಗೋಣ, ಅವಳಿಗೂ ಹಾಗೇ ಹೇಳಿದೀನಿ. ತಿನ್ನೋಕೆ ಏನಿದೆ?"

ಏನೂ ಇರಲಿಲ್ಲ. ಡಾರ್ಲಾ ಹೋಗಿ ಮೊಟ್ಟೆ, ಆಲೂಗಡ್ಡೆ, ಹಂದಿಮಾಂಸದ ಸಾಸೇಜು ತಂದು ಒಂದೇ ಬಾಣಲೆಯಲ್ಲಿ ಹುರಿದಳು. ಉಪ್ಪು ಜಾಸ್ತಿಯಾಗಿತ್ತು. ರೊವೀನಾ ಎರಡು ಸಲ ಹಾಕಿಸಿಕೊಂಡಳು. ಬೆಳಿಗ್ಗೆ ಎದ್ದಾಗ ಹಾಲ್‌ನ ಸೋಫಾದಿಂದ ಗೊರಕೆ ಕೇಳುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾಫಿಗೆ ನೀರಿಡುವುದನ್ನು ಮರೆತು, ಅದನ್ನೇ ಕೇಳಿಸಿಕೊಂಡಳು. ಇನ್ನೊಂದು ದಿನ ಹೀಗೇ ಇರಲಿ ಎಂದಿತು ಮನಸ್ಸು.

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕಾಯುವಾಗ ಡಾರ್ಲಾ ತನ್ನ ಬೂಟಿನ ತುದಿ ನೋಡುತ್ತಾ ಮಾತಾಡಿದಳು. "ಗಣೀಲಿ ನಮ್ಮ ಮೇಲಿನವನಿಗೆ ಹೇಳಿದೀನಿ. ಲಾರಿ ಬಿಟ್ಟು ಉಗ್ರಾಣದ ಕೆಲಸ ಕೊಡ್ತಾನಂತೆ. ಸಂಬಳ ಕಮ್ಮಿ, ಆದ್ರೆ ದಿನಾ ಸಂಜೆ ಮನೇಲಿರ್ಬಹುದು. ನಿಮ್ಮನ್ನ ಎಲ್ಕೋಗೆ ಕರ್ಕೊಂಡು ಹೋಗ್ತೀನಿ. ಅಪ್ಪನಿಗೆ ಅಷ್ಟಾದ್ರೂ ಮಾಡ್ಬೇಕಲ್ಲ."

"ಡಾರ್ಲಾ, ನನಗೇನೂ ಆಗಿಲ್ಲ," ಎಂದಳು ರೊವೀನಾ.

"ಎಲ್ಲರೂ ಹಾಗೇ ಅಂತಾರೆ."

"ನಿಜವಾಗ್ಲೂ ಆಗಿಲ್ಲ. ಆಟ ನನಗೆ ಅಕ್ಟೋಬರಿನಲ್ಲೇ ಬಂದಿತ್ತು. ಬಂದಿದೆ ಅಂತ ಗೊತ್ತಾದ್ರೆ ಪಾಠದಿಂದ ಕಳಿಸಿಬಿಡ್ತಾರೆ. ಅದಕ್ಕೆ ಬೇಕಂತಲೇ ತಪ್ಪಾಡ್ದೆ. ತಿಂಗಳ ಹೆಸರೂ ಬೇಕಂತಲೇ ತಪ್ಪು ಹೇಳ್ದೆ."

ಡಾರ್ಲಾ ಬೂಟಿನಿಂದ ಕಣ್ಣೆತ್ತಿ ಅವಳ ಕಡೆ ತಿರುಗಿದಳು. "ಮುನ್ನೂರು ಮೈಲಿ," ಎಂದಳು. "ಹಿಮದ ಮೇಲೆ ಜಾರ್ಕೊಂಡು ಬಂದಿದೀನಿ. ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಮಗೆ?"

"ಬೇಜಾರಾಗ್ತಿದೆ, ಬಾ ಅಂತ ಕರೆದಿದ್ರೆ ಬರ್ತಿದ್ಯಾ?"

ಡಾರ್ಲಾ ಸುಳ್ಳು ಹೇಳುವ ಹೆಂಗಸಲ್ಲ. "ಇಲ್ಲ," ಎಂದಳು. "ಬರ್ತಿರ್ಲಿಲ್ಲ."

ಸರದಿ ಬಂದಾಗ ಇಬ್ಬರೂ ಒಳಗೆ ಹೋದರು. ವೈದ್ಯೆ ನೆನಪಿಡಲು ಕೊಟ್ಟ ಐದು ಪದಗಳನ್ನು ರೊವೀನಾ ಮುಂದಿನಿಂದಲೂ ಹಿಂದಿನಿಂದಲೂ ಹೇಳಿದಳು. ಹೊರಬಂದ ಮೇಲೆ ಡಾರ್ಲಾ ಅವಳನ್ನು ಮನೆಯವರೆಗೆ ಬಿಟ್ಟು, ಗಾಡಿಯಿಂದ ಇಳಿಯದೆ, "ಉಳಿದ ಮೊಟ್ಟೆ ಹಾಳಾಗೋಕೆ ಮುಂಚೆ ತಿನ್ನಿ," ಎಂದು ಹೇಳಿ ಹೊರಟುಹೋದಳು.

ಸೋಮವಾರ ಹನ್ನೊಂದಕ್ಕೆ ರೊವೀನಾ ಪಾಠದ ಮೇಜಿನ ಮುಂದೆ ಕುಳಿತಳು. ಆ ದಿನವೂ ಬೇರೆ ಯಾರೂ ಬಂದಿರಲಿಲ್ಲ. ಗಿರ್ಮಾ ಅವಳನ್ನು ಕಂಡು ಆತುರದಿಂದ ಹತ್ತಿರ ಬಂದ. "ಡಾಕ್ಟರ್ ಏನಂದ್ರು?"

ಅವಳು ಎಲ್ಲವನ್ನೂ ಹೇಳಿದಳು. ಬಡಗಿಯನ್ನು ಕಳಿಸಿದ ದಿನದಿಂದ ಹಿಡಿದು ಮಾರ್ಚ್ ಎಂದ ದಿನದವರೆಗೆ. ಹೇಳುವಾಗ ಮೇಜಿನ ಬಟ್ಟೆಯನ್ನೇ ನೋಡುತ್ತಿದ್ದಳು. ಗಿರ್ಮಾ ಎಲೆಗಳನ್ನು ಒಟ್ಟುಮಾಡಿದ, ಕಲಸಿದ, ಮತ್ತೆ ಒಟ್ಟುಮಾಡಿದ.

"ನಮ್ಮಮ್ಮ ಊರಲ್ಲಿದಾಳೆ," ಎಂದ. "ಮರೆವು ಶುರುವಾಗಿ ಐದು ವರ್ಷ ಆಯ್ತು. ಫೋನ್ ಮಾಡಿದ್ರೆ, ನೀನು ಯಾರ ಮನೆ ಮಗನಪ್ಪಾ ಅಂತ ಕೇಳ್ತಾಳೆ. ಮೊದಮೊದಲು ಅವಳಿಗೆ ಸಣ್ಣಪುಟ್ಟದ್ದು ಮರೆತುಹೋಗೋದು. ವಯಸ್ಸಾಯ್ತಲ್ಲ ಅಂತ ನಾನು ನಕ್ಕುಬಿಟ್ಟಿದ್ದೆ. ನಿಮ್ಮನ್ನ ನೋಡಿದಾಗ, ಈ ಸಲ ನಗಬಾರದು ಅಂದ್ಕೊಂಡೆ."

"ತಪ್ಪಾಯ್ತು, ಗಿರ್ಮಾ."

"ನನ್ನ ಹೆಂಡ್ತಿ ನಿಮಗೋಸ್ಕರ ದೇವರ ಮುಂದೆ ಮೇಣದಬತ್ತಿ ಹಚ್ಚಿದ್ಳು. ಅವಳಿಗೇನಂತ ಹೇಳ್ಲಿ?"

ಅವನು ಸಿಟ್ಟಿನಿಂದ ಕೂಗಿದ್ದರೆ ರೊವೀನಾಗೆ ಹಗುರವಾಗುತ್ತಿತ್ತು. ಅವನು ಕೂಗಲಿಲ್ಲ. ಎಲೆಗಳನ್ನು ಪೆಟ್ಟಿಗೆಗೆ ಹಾಕಿ ಕೈ ಮುಂದೆ ಚಾಚಿದ. ಅವಳು ಆ ಕೈ ಹಿಡಿದಳು. "ನೀವು ತಯಾರಾಗಿದೀರಿ," ಎಂದ ಗಿರ್ಮಾ. ನಂತರ ಎಲ್ಲ ಹಂಚುವವರಂತೆ ಒಮ್ಮೆ ಚಪ್ಪಾಳೆ ತಟ್ಟಿ, ಕೈಯಲ್ಲೇನೂ ಇಲ್ಲವೆಂದು ಎರಡೂ ಅಂಗೈಗಳನ್ನು ಕ್ಯಾಮೆರಾಕ್ಕೆ ತಿರುಗಿಸಿ ತೋರಿಸಿ, ಊಟದ ಕೋಣೆಯ ಕಡೆ ನಡೆದ.

ಅವಳು ನಿಜವಾದ ಮೇಜಿಗೆ ಹೋದಳು. ಅಲ್ಲಿ ಎಲೆ ಹಂಚುತ್ತಿದ್ದ ಹೆಂಗಸು ಯಾರ ಹೆಸರನ್ನೂ ಕೇಳಲಿಲ್ಲ. ಪಕ್ಕದ ಇಬ್ಬರು ಗಂಡಸರು ತಮ್ಮ ಎಲೆಗಳಿಂದ ಕಣ್ಣೆತ್ತಲಿಲ್ಲ. ರೊವೀನಾ ಒಂದೂ ತಪ್ಪಿಲ್ಲದೆ ಆಡಿದಳು. ಒಮ್ಮೆ ಐದು ಎಲೆಗೆ ಇಪ್ಪತ್ತೊಂದು ಕೂಡಿಬಂತು. ಪಣಕ್ಕೆ ಒಂದೂವರೆ ಪಟ್ಟು ಬಿಲ್ಲೆಗಳು ಅವಳ ಕಡೆ ಸರಿದವು. ಗೆದ್ದೆ ಎಂದು ಹೇಳಿಕೊಳ್ಳಲು ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಅಷ್ಟರಲ್ಲಿ ಮುಂದಿನ ಎಲೆ ಬಿದ್ದಾಗಿತ್ತು.

ಕಲಿಯುವವರು ಬರದೆ ಏಪ್ರಿಲ್‌ನಲ್ಲಿ ಪಾಠ ನಿಂತಿತು. ಗಿರ್ಮಾನನ್ನು ಮಧ್ಯಾಹ್ನದ ಪಾಳಿಗೆ ಹಾಕಿದರು. ಎದುರು ಸಿಕ್ಕರೆ ತಲೆಯಾಡಿಸುತ್ತಾನೆ, ನಿಲ್ಲುವುದಿಲ್ಲ. ರೊವೀನಾ ಈಗ ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ, ಒಂದು ಗಂಟೆ ಆಡುತ್ತಾಳೆ.

ಮೇ ತಿಂಗಳ ಒಂದು ಮಧ್ಯಾಹ್ನ ಡಾರ್ಲಾ ಫೋನ್ ಮಾಡಿದಳು. ಅಪ್ಪನ ಹಳೆಯ ಗಾಡಿಯ ಕಾಗದ ಎಲ್ಲಿದೆ ಎಂದು ಕೇಳಿದಳು. ಬೀರುವಿನ ಮೇಲಿನ ಖಾನೆಯಲ್ಲಿದೆ, ನಾಳೆ ಅಂಚೆಗೆ ಹಾಕುತ್ತೇನೆ ಎಂದಳು ರೊವೀನಾ. ಕೇಳುವುದು ಮುಗಿದಿತ್ತು. ಆದರೆ ಆ ಕಡೆ ಡಾರ್ಲಾ ಫೋನ್ ಇಡಲಿಲ್ಲ. ದೂರದಲ್ಲಿ ಯಾವುದೋ ಯಂತ್ರ ತಿರುಗುವ ಸದ್ದು.

"ಅಲ್ಲಿ ಗಾಳಿ ಇದೆಯಾ?" ಎಂದಳು ಡಾರ್ಲಾ.

"ಇದೆ. ಬೆಳಿಗ್ಗೆಯಿಂದ ಬೀಸ್ತಾ ಇದೆ."

"ಇಲ್ಲೂ ಅಷ್ಟೇ. ಕಣ್ಣು ಬಿಡೋಕಾಗಲ್ಲ, ಬರೀ ಧೂಳು."

"ಕನ್ನಡಕ ಹಾಕ್ಕೋತೀಯಾ?"

"ಹಾಕ್ಕೋತೀನಿ," ಎಂದಳು ಡಾರ್ಲಾ. "ಸರಿ ಹಾಗಾದ್ರೆ."

"ಸರಿ," ಎಂದು ರೊವೀನಾ ಫೋನ್ ಮಡಿಲಲ್ಲಿಟ್ಟುಕೊಂಡು ಕುಳಿತಳು.